ಸಿಹಿಗುಂಬಳದ ಬ್ರೆಡ್ಡು: ಪೋಷಣೆಯ ಲೆಕ್ಕ, ವ್ಯಾಪಾರದ ಲೆಕ್ಕ

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಪೇಟೆಯ ವಹಿವಾಟು ಬಹುಕಾಲದಿಂದ ಹೊಗೆಸೊಪ್ಪಿನ ದರವನ್ನು ಅವಲಂಬಿಸಿದೆ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಪದ್ಧತಿ 1984ರಲ್ಲಿ ಆರಂಭವಾದಂದಿನಿಂದ ಹರಾಜುಕಟ್ಟೆಯ ದರ ಏರಿದ ವರ್ಷ ಜವಳಿ ಅಂಗಡಿಯಿಂದ ಬೇಕರಿಯವರೆಗೆ ಎಲ್ಲರ ಮಾರಾಟವೂ ಏರುತ್ತದೆ. ದರ ಕುಸಿದ ವರ್ಷ ಉದ್ದರಿಯ ಪುಸ್ತಕ ದಪ್ಪವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯನ್ನು ಭಾರತವು 2004ರಲ್ಲಿ ಅನುಮೋದಿಸಿತು. 2005ರಲ್ಲಿ ಅದು ಜಾರಿಗೆ ಬಂದಿತು. ತಂಬಾಕು ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆಂಬುದು ಆ ಒಡಂಬಡಿಕೆಯಲ್ಲಿಯೇ ಅಡಕವಾಗಿದೆ. ಆದರೆ ಬದಲಿ ಬೆಳೆ ನಿಲ್ಲಬೇಕಾದರೆ ಅದನ್ನು ಕೊಳ್ಳುವ ಬದಲಿ ಗಿರಾಕಿ ಇರಬೇಕು. ಆ ಗಿರಾಕಿಗಳಲ್ಲಿ ಸ್ಥಳೀಯ ಬೇಕರಿಯೂ ಒಂದಾಗಬಲ್ಲದೇ ಎಂಬುದು ವಿಚಾರಾರ್ಹ ಪ್ರಶ್ನೆ. ಸಿಹಿಗುಂಬಳಕಾಯಿಯನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೈಸೂರು–ಮಡಿಕೇರಿ ಹೆದ್ದಾರಿಯು ಹುಣಸೂರು ಮತ್ತು ಪಿರಿಯಾಪಟ್ಟಣಗಳ ಮೂಲಕ ಹಾದುಹೋಗುತ್ತದೆ. ಕೊಡಗಿಗೂ ಬೈಲುಕುಪ್ಪೆಯ ಟಿಬೆಟನ್ ಶಿಬಿರಕ್ಕೂ ತೆರಳುವ ಪ್ರವಾಸಿಗರು ದಾರಿಬದಿಯ ಬೇಕರಿಗಳ ಮುಂದೆ ವಾಹನ ನಿಲ್ಲಿಸುತ್ತಾರೆ. ಅವರಲ್ಲಿ ಮೈದಾ ಮತ್ತು ವನಸ್ಪತಿಯ ತಿನಿಸುಗಳಿಗೆ ಬದಲಾಗಿ ಆರೋಗ್ಯಕರವಾದುದನ್ನು ಕೇಳುವವರ ಸಂಖ್ಯೆ ಹೆಚ್ಚುತ್ತಿರುವುದನ್ನು ಬೇಕರಿ ಮಾಲೀಕರು ಬಲ್ಲರು. ಈ ಬೇಡಿಕೆಗೆ ‘ಆರೋಗ್ಯಕರ’ ಎಂಬ ಚೀಟಿ ಅಂಟಿಸುವುದು ಸುಲಭ. ಚೀಟಿಯಲ್ಲಿ ಹೇಳಿದ್ದು ಪೊಟ್ಟಣದೊಳಗೂ ಇರುವಂತೆ ಮಾಡಲು ಮಾತ್ರ ಲೆಕ್ಕ ಹಾಕಬೇಕಾಗುತ್ತದೆ.

ಯಾವ ಕುಂಬಳ?

ಮೊದಲಿಗೆ ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಆಯುಧಪೂಜೆಯಂದು ಒಡೆಯುವ ಮತ್ತು ಕಾಶಿ ಹಲ್ವಕ್ಕೆ ಬಳಸುವ ಬೂದುಗುಂಬಳದ ತಿರುಳು ಬಿಳುಪು. ಬೇಕರಿಗೆ ಪ್ರಯೋಜನವಾಗುವುದು ಹುಳಿ, ಪಲ್ಯ, ಪಾಯಸಗಳಿಗೆ ಬಳಸುವ ಕಿತ್ತಳೆ ತಿರುಳಿನ ಸಿಹಿಗುಂಬಳ. ಇದು ಅಮೆರಿಕ ಖಂಡದ ಮೂಲದ್ದು. ಕೊಲಂಬಸ್ ನಂತರದ ಶತಮಾನಗಳಲ್ಲಿ ಭಾರತಕ್ಕೆ ಬಂದು ನಮ್ಮ ಹಿತ್ತಿಲಿನ ಬಳ್ಳಿಯೇ ಆಗಿಹೋಯಿತು.

ಅಮೆರಿಕದಲ್ಲಿ ಇದೇ ತರಕಾರಿಯ ಸುತ್ತ ದೊಡ್ಡ ಉದ್ಯಮವೊಂದು ಬೆಳೆದಿದೆ. ಇಲಿನಾಯ್ ರಾಜ್ಯದ ಮಾರ್ಟನ್ ಎಂಬ ಸಣ್ಣ ಊರಿನಲ್ಲಿ ಲಿಬ್ಬೀಸ್ ಸಂಸ್ಥೆಯ ಕಾರ್ಖಾನೆಯು ಕುಂಬಳದ ತಿರುಳನ್ನು ಬೇಯಿಸಿ ಡಬ್ಬಿಗೆ ತುಂಬುತ್ತದೆ. ಅದಕ್ಕಾಗಿ ಬಳಸುವ ಡಿಕಿನ್‌ಸನ್ ಎಂಬ ತಳಿಯು ನಮ್ಮ ಸಿಹಿಗುಂಬಳ ಸೇರಿರುವ ಸಸ್ಯಪ್ರಭೇದಕ್ಕೇ ಸೇರಿದ್ದು. ಕೆಲವೇ ವಾರಗಳಲ್ಲಿ ಕೊಯ್ಲಾಗುವ ತರಕಾರಿಯನ್ನು ವರ್ಷವಿಡೀ ದೊರೆಯುವ, ಒಂದೇ ಹದದ ಕಚ್ಚಾವಸ್ತುವನ್ನಾಗಿ ಪರಿವರ್ತಿಸಿದ್ದರಿಂದ ಅಲ್ಲಿನ ಬೇಕರಿ ಮತ್ತು ಮನೆಗಳಲ್ಲಿ ಅದು ನೆಲೆಗೊಂಡಿತು. ಕಾಯಿಗಿಂತಲೂ ಸಂಸ್ಕರಿಸಿದ ತಿರುಳಿನಲ್ಲಿ ವ್ಯಾಪಾರವಿದೆ ಎಂಬುದೇ ಈ ಊರಿನಿಂದ ಕಲಿಯಬೇಕಾದ ಪಾಠ.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಅರ್ಕಾ ಚಂದನ್ ಮತ್ತು ಅರ್ಕಾ ಸೂರ್ಯಮುಖಿ ಎಂಬ ತಳಿಗಳನ್ನು ಬಿಡುಗಡೆ ಮಾಡಿದೆ. ಇವುಗಳಲ್ಲಿ ಅರ್ಕಾ ಚಂದನ್ ಕಿತ್ತಳೆ ಬಣ್ಣದ ಸಿಹಿ ತಿರುಳಿಗೆ ಹೆಸರಾದುದು. ತಿರುಳಿನ ಬಣ್ಣ ಗಾಢವಾದಷ್ಟೂ ಕೆರೋಟಿನ್ ಅಂಶ ಸಾಮಾನ್ಯವಾಗಿ ಹೆಚ್ಚು. ಆದುದರಿಂದ ಬೇಕರಿಯವರು ರೈತರಿಂದ ಕಾಯಿಯನ್ನು ಕೇವಲ ತೂಕದ ಮೇಲೆ ಕೊಳ್ಳದೆ, ಒಂದೆರಡನ್ನು ಸೀಳಿ ನೋಡಿ ಬಣ್ಣದ ಮೇಲೆ ದರ ಗೊತ್ತುಪಡಿಸುವುದು ಉಚಿತ.

ಪೋಷಕಾಂಶಗಳ ನಿಜಸ್ಥಿತಿ

ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 100 ಗ್ರಾಂ ಹಸಿ ಸಿಹಿಗುಂಬಳದ ತಿರುಳಿನಲ್ಲಿ ಸುಮಾರು 91 ಗ್ರಾಂ ನೀರು, 6.5 ಗ್ರಾಂ ಶರ್ಕರಪಿಷ್ಟ, 1 ಗ್ರಾಂ ಸಸಾರಜನಕ, 340 ಮಿಲಿಗ್ರಾಂ ಪೊಟ್ಯಾಸಿಯಂ ಹಾಗೂ 3,100 ಮೈಕ್ರೋಗ್ರಾಂ ಬೀಟಾ ಕೆರೋಟಿನ್ ಇರುತ್ತವೆ. ಅದರಿಂದ ದೊರೆಯುವ ಶಕ್ತಿ 26 ಕ್ಯಾಲೊರಿ ಮಾತ್ರ. ತಳಿ ಮತ್ತು ಬಲಿತ ಹಂತಕ್ಕೆ ಅನುಗುಣವಾಗಿ ಈ ಅಂಕಿಗಳಲ್ಲಿ ವ್ಯತ್ಯಾಸವಾಗುತ್ತದೆ.

ಈ ಪಟ್ಟಿಯಲ್ಲಿ ಎದ್ದು ಕಾಣುವುದು ಬೀಟಾ ಕೆರೋಟಿನ್. ದೇಹವು ಇದನ್ನು ಎ ಜೀವಸತ್ವವಾಗಿ ಪರಿವರ್ತಿಸಿಕೊಳ್ಳುತ್ತದೆ. ಕಣ್ಣಿನ ದೃಷ್ಟಿಗೂ ಚರ್ಮ ಹಾಗೂ ರೋಗನಿರೋಧಕ ಶಕ್ತಿಗೂ ಅದು ಅವಶ್ಯಕ. ಇದು ಕೊಬ್ಬಿನಲ್ಲಿ ಕರಗುವ ಪದಾರ್ಥವಾದ್ದರಿಂದ ಸ್ವಲ್ಪ ಎಣ್ಣೆಯ ಜೊತೆ ಸೇವಿಸಿದಾಗಲೇ ಚೆನ್ನಾಗಿ ಹೀರಲ್ಪಡುತ್ತದೆ. ಎಣ್ಣೆಯನ್ನು ಸಂಪೂರ್ಣವಾಗಿ ತೆಗೆದು ಮಾಡಿದ ಕುಂಬಳದ ಬ್ರೆಡ್ಡು ಈ ಕಾರಣದಿಂದ ಜಾಣತನದ್ದಲ್ಲ.

ಆದರೆ ಸಾಮಾನ್ಯವಾಗಿ ನಂಬಿರುವಂತೆ ಸಿಹಿಗುಂಬಳದಲ್ಲಿ ನಾರಿನಂಶ ಹೇರಳವಾಗಿಲ್ಲ. ಮೇಲಿನ ಪಟ್ಟಿಯಲ್ಲಿ ಹಸಿ ತಿರುಳಿನ ನಾರು 100 ಗ್ರಾಮಿಗೆ 0.5 ಗ್ರಾಂ ಮಾತ್ರ. ಬೇಯಿಸಿ ಗಟ್ಟಿಗೊಳಿಸಿದ ಡಬ್ಬಿಯ ತಿರುಳಿನಲ್ಲಿ 2.9 ಗ್ರಾಂ. ಮಧುಮೇಹಕ್ಕೆ ಇದು ಔಷಧವೆಂಬ ಮಾತಿಗೂ ಆಧಾರ ಸಾಲದು. ತಿರುಳಿನಲ್ಲಿ ಪಿಷ್ಟ ಕಡಿಮೆ ಇರುವುದರಿಂದ ಮಿತ ಪ್ರಮಾಣದಲ್ಲಿ ಅದು ಹಾನಿಕರವಲ್ಲ ಎನ್ನಬಹುದು. ಆದರೆ ಅದೇ ತಿರುಳನ್ನು ಮೈದಾ ಮತ್ತು ಸಕ್ಕರೆಯೊಂದಿಗೆ ಬೆರೆಸಿದರೆ ರಕ್ತದ ಸಕ್ಕರೆಯ ಮೇಲೆ ಪರಿಣಾಮ ಬೀರುವುದು ಆ ಮೈದಾ ಮತ್ತು ಸಕ್ಕರೆಯೇ.

ಬೀಜದ ವಿಷಯ ಬೇರೆ. ಸಿಪ್ಪೆ ತೆಗೆದ ಒಣ ಬೀಜದ 100 ಗ್ರಾಮಿನಲ್ಲಿ ಸುಮಾರು 30 ಗ್ರಾಂ ಸಸಾರಜನಕ, 49 ಗ್ರಾಂ ಕೊಬ್ಬು, 590 ಮಿಲಿಗ್ರಾಂ ಮೆಗ್ನೀಸಿಯಂ ಹಾಗೂ 7ರಿಂದ 8 ಮಿಲಿಗ್ರಾಂ ಸತು ಇವೆ. ಹುರಿದ ಬೀಜವನ್ನು ಬ್ರೆಡ್ಡಿನ ಮೇಲೆ ಉದುರಿಸಿದರೆ ರುಚಿಯೊಂದಿಗೆ ಪೋಷಣೆಯೂ ಹೆಚ್ಚುತ್ತದೆ. ಆದರೆ 100 ಗ್ರಾಂ ಬೀಜ ಸುಮಾರು 560 ಕ್ಯಾಲೊರಿ ಕೊಡುತ್ತದೆ ಎಂಬುದನ್ನೂ ಮರೆಯಲಾಗದು.

ರಾಗಿಯ ಸಹವಾಸ

ಹಾಗಾದರೆ ಆರೋಗ್ಯಕರ ಬ್ರೆಡ್ಡಿನಲ್ಲಿ ನಾರು ಎಲ್ಲಿಂದ ಬರಬೇಕು? ಉತ್ತರವು ಈ ತಾಲ್ಲೂಕುಗಳ ಹೊಲದಲ್ಲಿಯೇ ಇದೆ. ರಾಗಿ ಹಿಟ್ಟಿನಲ್ಲಿ 100 ಗ್ರಾಮಿಗೆ ಸುಮಾರು 11 ಗ್ರಾಂ ನಾರು ಮತ್ತು 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇವೆ. ತೌಡು ತೆಗೆಯದ ಗೋಧಿ ಹಿಟ್ಟಿನಲ್ಲಿಯೂ ನಾರು 11 ಗ್ರಾಂ ಆಸುಪಾಸಿನಲ್ಲಿದೆ. ಮೈದಾದಲ್ಲಿ 3 ಗ್ರಾಮಿಗೂ ಕಡಿಮೆ.

ರಾಗಿಯಿಂದ ಬೇಕರಿ ಪದಾರ್ಥ ಮಾಡಹೊರಟವರಿಗೆ ಎರಡು ತೊಡಕುಗಳು ಎದುರಾಗುತ್ತವೆ. ರಾಗಿಯಲ್ಲಿ ಗ್ಲುಟೆನ್ ಇಲ್ಲದ ಕಾರಣ ಹಿಟ್ಟು ಉಬ್ಬುವುದಿಲ್ಲ. ತಯಾರಾದ ಬ್ರೆಡ್ಡು ಒಣಗಿ ಪುಡಿಪುಡಿಯಾಗುತ್ತದೆ. ಮೊದಲ ತೊಡಕಿಗೆ ಪರಿಹಾರವೆಂದರೆ ರಾಗಿಯನ್ನು ಐದನೆಯ ಒಂದು ಭಾಗಕ್ಕೆ ಮಿತಗೊಳಿಸಿ ಉಳಿದುದನ್ನು ಗೋಧಿ ಹಿಟ್ಟಿನಿಂದ ತುಂಬುವುದು. ಎರಡನೆಯದಕ್ಕೆ ಸಿಹಿಗುಂಬಳದ ತಿರುಳೇ ಪರಿಹಾರ. ತಿರುಳಿನಲ್ಲಿರುವ ಪೆಕ್ಟಿನ್ ಮತ್ತು ನೀರು ಬ್ರೆಡ್ಡನ್ನು ಮೃದುವಾಗಿರಿಸುತ್ತವೆ. ಅದರ ಸಹಜ ಸಿಹಿಯು ರಾಗಿಯ ಒರಟು ರುಚಿಯನ್ನು ತಗ್ಗಿಸುತ್ತದೆ.

ಒಂದು ಮಾದರಿ ಲೆಕ್ಕ

800 ಗ್ರಾಂ ಗೋಧಿ ಹಿಟ್ಟು, 200 ಗ್ರಾಂ ರಾಗಿ ಹಿಟ್ಟು, 350 ಗ್ರಾಂ ಬೇಯಿಸಿ ಅರೆದ ಸಿಹಿಗುಂಬಳ, ಸುಮಾರು 360 ಗ್ರಾಂ ನೀರು, 50 ಗ್ರಾಂ ಬೆಲ್ಲ, 30 ಗ್ರಾಂ ಎಣ್ಣೆ, 18 ಗ್ರಾಂ ಉಪ್ಪು ಹಾಗೂ 12 ಗ್ರಾಂ ಒಣ ಯೀಸ್ಟ್ ಸೇರಿದರೆ ಒಟ್ಟು 1,820 ಗ್ರಾಂ ಆಗುತ್ತದೆ. ತಿರುಳಿನಲ್ಲಿಯೇ 300 ಗ್ರಾಮಿಗೂ ಹೆಚ್ಚು ನೀರಿರುವುದರಿಂದ ಹೊರಗಿನ ನೀರನ್ನು ಕಡಿಮೆ ಮಾಡಲಾಗಿದೆ. ಈ ಹೊಂದಾಣಿಕೆ ಮಾಡದವರ ಬ್ರೆಡ್ಡು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಬೇಯುವಾಗ ಶೇ. 12ರಷ್ಟು ತೂಕ ನಷ್ಟವಾದರೆ 400 ಗ್ರಾಮಿನ ನಾಲ್ಕು ಬ್ರೆಡ್ಡುಗಳು ದೊರೆಯುತ್ತವೆ.

ಈ ಬ್ರೆಡ್ಡಿನ ನಾರಿನಂಶ 100 ಗ್ರಾಮಿಗೆ ಸುಮಾರು 7 ಗ್ರಾಂ. ಇದೇ ಪಾಕವನ್ನು ಪೂರ್ಣ ಮೈದಾದಿಂದ ಮಾಡಿದರೆ, ಕುಂಬಳ ಅಷ್ಟೇ ಇದ್ದರೂ, ನಾರು 2 ಗ್ರಾಮನ್ನು ಮುಟ್ಟುವುದಿಲ್ಲ. 2018ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಜಾಹೀರಾತು ಮತ್ತು ಹಕ್ಕುಸಾಧನೆ) ನಿಯಮಾವಳಿಯ ಪ್ರಕಾರ 100 ಗ್ರಾಮಿಗೆ ಕನಿಷ್ಠ 3 ಗ್ರಾಂ ನಾರಿದ್ದರೆ ‘ನಾರಿನ ಆಕರ’ ಎಂದೂ 6 ಗ್ರಾಂ ಇದ್ದರೆ ‘ಅಧಿಕ ನಾರು’ ಎಂದೂ ಹೇಳಿಕೊಳ್ಳಬಹುದು. ಮೊದಲನೆಯ ಬ್ರೆಡ್ಡು ‘ಅಧಿಕ ನಾರು’ ಎನ್ನಲು ಅರ್ಹ. ಎರಡನೆಯದು ಯಾವುದಕ್ಕೂ ಅರ್ಹವಲ್ಲ.

ಎ ಜೀವಸತ್ವದ ಲೆಕ್ಕ ಇನ್ನೂ ಕಠಿಣ. 350 ಗ್ರಾಂ ತಿರುಳಿನಲ್ಲಿ ಸುಮಾರು 10,850 ಮೈಕ್ರೋಗ್ರಾಂ ಬೀಟಾ ಕೆರೋಟಿನ್ ಇದೆ. ಬೇಯುವಾಗ ಐದನೆಯ ಒಂದು ಭಾಗ ನಷ್ಟವಾಯಿತೆಂದು ಹಿಡಿದರೆ 100 ಗ್ರಾಂ ಬ್ರೆಡ್ಡಿಗೆ 540 ಮೈಕ್ರೋಗ್ರಾಂ ಉಳಿಯುತ್ತದೆ. ಆಹಾರದ 12 ಮೈಕ್ರೋಗ್ರಾಂ ಬೀಟಾ ಕೆರೋಟಿನ್ 1 ಮೈಕ್ರೋಗ್ರಾಂ ಎ ಜೀವಸತ್ವಕ್ಕೆ ಸಮವೆಂಬ ಗಣನೆಯಂತೆ ಇದು 45 ಮೈಕ್ರೋಗ್ರಾಂ ಆಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕ ಮಹಿಳೆಗೆ ದಿನಕ್ಕೆ 840 ಹಾಗೂ ಪುರುಷನಿಗೆ 1,000 ಮೈಕ್ರೋಗ್ರಾಂ ಶಿಫಾರಸು ಮಾಡಿದೆ. ‘ಎ ಜೀವಸತ್ವದ ಆಕರ’ ಎನ್ನಲು 100 ಗ್ರಾಮಿನಲ್ಲಿ ಶಿಫಾರಸಿನ ಕನಿಷ್ಠ ಶೇ. 15 ಇರಬೇಕು. ಮಹಿಳೆಯ ಪ್ರಮಾಣವನ್ನೇ ಹಿಡಿದರೂ 126 ಮೈಕ್ರೋಗ್ರಾಂ ಬೇಕಾಗುತ್ತದೆ. ಇಲ್ಲಿ ದೊರೆತದ್ದು ಶೇ. 5ರಷ್ಟು ಮಾತ್ರ.

ಕಣ್ಣಿಗೆ ಹಳದಿಯಾಗಿ ಕಾಣುವ ಬ್ರೆಡ್ಡಿನ ಸ್ಥಿತಿಯೇ ಹೀಗಿರುವಾಗ, ಒಂದೆರಡು ಚಮಚ ಕುಂಬಳದ ಪುಡಿ ಬೆರೆಸಿ ಬಣ್ಣ ಕೂಡಿಸಿದ ಬ್ರೆಡ್ಡಿನ ಸ್ಥಿತಿಯನ್ನು ಊಹಿಸಬಹುದು. ಪರಿಹಾರವಿಲ್ಲದೆ ಇಲ್ಲ. ಬೇಯಿಸಿದ ತಿರುಳನ್ನು ಅರ್ಧದಷ್ಟಾಗುವವರೆಗೆ ಗಟ್ಟಿಗೊಳಿಸಿ, ಕಿಲೋ ಹಿಟ್ಟಿಗೆ 500 ಗ್ರಾಮಿನಂತೆ ಬೆರೆಸಿದರೆ 100 ಗ್ರಾಂ ಬ್ರೆಡ್ಡಿನಲ್ಲಿ ಸುಮಾರು 129 ಮೈಕ್ರೋಗ್ರಾಂ ದೊರೆತು ಲೆಕ್ಕವು ಗಡಿಯನ್ನು ಮುಟ್ಟಿ ನಿಲ್ಲುತ್ತದೆ. ಗಾಢ ಬಣ್ಣದ ತಳಿಯನ್ನು ಆರಿಸಿದರೆ ಇನ್ನಷ್ಟು ಅನುಕೂಲ. ಕಾಗದದ ಈ ಲೆಕ್ಕ ದಾರಿ ತೋರಿಸಬಲ್ಲದು; ಚೀಟಿಯ ಮೇಲೆ ಮುದ್ರಿಸುವ ಮೊದಲು ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಪಡೆಯುವುದು ಅನಿವಾರ್ಯ.

ಕೇಕಿನಲ್ಲಿ ಪ್ರಯೋಜನ ಬೇರೆ ರೀತಿಯದು. ಹಿಟ್ಟು, ಸಕ್ಕರೆ, ಕೊಬ್ಬು, ಮೊಟ್ಟೆ ತಲಾ ಒಂದು ಕಿಲೋದಂತೆ ಹಾಕುವ ಪಾಕದಲ್ಲಿ ಅರ್ಧ ಕಿಲೋ ವನಸ್ಪತಿಯ ಬದಲು ಅರ್ಧ ಕಿಲೋ ತಿರುಳು ಬಳಸಿದರೆ 100 ಗ್ರಾಂ ಕೇಕಿಗೆ ಸುಮಾರು 120 ಕ್ಯಾಲೊರಿ ಕಡಿಮೆಯಾಗುತ್ತದೆ. ಆದರೆ ಸಕ್ಕರೆ ಅಷ್ಟೇ ಉಳಿದರೆ ಅದನ್ನು ‘ಕೊಬ್ಬು ಕಡಿಮೆ ಮಾಡಿದ ಕೇಕು’ ಎನ್ನಬಹುದೇ ಹೊರತು ಆರೋಗ್ಯದ ಆಹಾರವೆನ್ನಲಾಗದು. ಸಕ್ಕರೆಯ ಬದಲು ಬೆಲ್ಲ ಹಾಕಿದರೂ ಕ್ಯಾಲೊರಿಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ವೆಚ್ಚದ ಲೆಕ್ಕ

ಕಾಯಿಯ ದರವನ್ನೇ ತಿರುಳಿನ ದರವೆಂದು ತಿಳಿಯುವುದು ಸಾಮಾನ್ಯ ತಪ್ಪು. ಸಿಪ್ಪೆ, ಬೀಜ ಮತ್ತು ತೊಟ್ಟಿನ ರೂಪದಲ್ಲಿ ಶೇ. 30ರಷ್ಟು ಹೋಗುತ್ತದೆ, ಹಬೆಯಲ್ಲಿ ಬೇಯಿಸಿ ಅರೆಯುವಷ್ಟರಲ್ಲಿ 1 ಕಿಲೋ ಕಾಯಿಗೆ 650 ಗ್ರಾಂ ತಿರುಳು ಉಳಿಯಿತೆಂದು ಹಿಡಿಯಬಹುದು. ಕಾಯಿಯ ದರ ಕಿಲೋಗೆ 15 ರೂಪಾಯಿ ಎಂದು ಊಹಿಸಿಕೊಂಡರೆ ಸಾಧಾರಣ ತಿರುಳಿಗೆ ಕಿಲೋಗೆ 23 ರೂಪಾಯಿ ಬೀಳುತ್ತದೆ. ಗಟ್ಟಿಗೊಳಿಸಿ 350 ಗ್ರಾಮಿಗೆ ಇಳಿಸಿದ ತಿರುಳಿಗೆ 43 ರೂಪಾಯಿ. ಇದಕ್ಕೆ ಇಂಧನ ಮತ್ತು ಕೂಲಿಯನ್ನು ಸೇರಿಸಬೇಕು. ಮೇಲಿನ ಮಾದರಿಯಲ್ಲಿ 400 ಗ್ರಾಮಿನ ಒಂದು ಬ್ರೆಡ್ಡಿಗೆ 87.5 ಗ್ರಾಂ ಸಾಧಾರಣ ತಿರುಳು ಬೇಕು. ಅದರ ಬೆಲೆ ಸುಮಾರು 2 ರೂಪಾಯಿ. ಗಟ್ಟಿ ತಿರುಳನ್ನು 125 ಗ್ರಾಂ ಬಳಸಿದರೆ 5 ರೂಪಾಯಿಗೆ ಸ್ವಲ್ಪ ಹೆಚ್ಚು. ಪ್ರಾಮಾಣಿಕವಾಗಿ ತಿರುಳು ಹಾಕುವುದಕ್ಕೂ ಹೆಸರಿಗೆ ಮಾತ್ರ ಹಾಕುವುದಕ್ಕೂ ಇರುವ ಅಂತರ ಇಷ್ಟೇ. ಹೆಚ್ಚು ಬೆಲೆಗೆ ಮಾರುವ ಪದಾರ್ಥದಲ್ಲಿ ಇದನ್ನು ಉಳಿಸಹೋಗುವುದು ಲಾಭದಾಯಕ ಮಿತವ್ಯಯವಲ್ಲ.

ರೈತರ ಕಡೆಯಿಂದ ನೋಡಿದರೆ, ದಿನಕ್ಕೆ ಇಂತಹ 100 ಬ್ರೆಡ್ಡು ಮಾಡುವ ಬೇಕರಿಗೆ ಸುಮಾರು 13.5 ಕಿಲೋ ಕಾಯಿ ಬೇಕು. 300 ದಿನಗಳಿಗೆ 4 ಟನ್. ಹೆಕ್ಟೇರಿಗೆ 20 ಟನ್ ಇಳುವರಿ ಹಿಡಿದರೆ ಇದು ಅರ್ಧ ಎಕರೆಯ ಬೆಳೆ. ತಂಬಾಕಿನ ಜಾಗವನ್ನು ಬೇಕರಿಯೊಂದೇ ತುಂಬಲಾರದೆಂಬುದು ಇದರಿಂದ ಸ್ಪಷ್ಟ. ಆದರೆ ಹತ್ತು ಬೇಕರಿಗಳು ಒಟ್ಟಾಗಿ ಒಂದು ತಿರುಳು ಘಟಕದಿಂದ ಕೊಳ್ಳುವ ಏರ್ಪಾಡಾದರೆ ಐದು ಎಕರೆಗೆ ಪೂರ್ವನಿಶ್ಚಿತ ದರದ ಮಾರುಕಟ್ಟೆ ದೊರೆತಂತಾಗುತ್ತದೆ. ಪೇಟೆಯ ದರ ಕುಸಿದಾಗ ಕಾಯಿಯನ್ನು ಹೊಲದಲ್ಲೇ ಬಿಡಬೇಕಾಗುವ ಸಣ್ಣ ರೈತನಿಗೆ ಈ ಭರವಸೆ ಸಣ್ಣದಲ್ಲ.

ಸುರಕ್ಷತೆಯ ಎಚ್ಚರಗಳು

ಚೆನ್ನಾಗಿ ಬಲಿತ, ತೊಟ್ಟು ಮುರಿಯದ ಕಾಯಿಯನ್ನು ಗಾಳಿಯಾಡುವ ಒಣ ಜಾಗದಲ್ಲಿ ಎರಡು-ಮೂರು ತಿಂಗಳು ಇಡಬಹುದು. ಹಿಂದಿನವರು ಅಟ್ಟದ ಮೇಲೆ ಕುಂಬಳವನ್ನು ಕಾದಿರಿಸುತ್ತಿದ್ದುದು ಇದೇ ಗುಣದಿಂದ. ಆದರೆ ಒಮ್ಮೆ ಕೊಯ್ದು ಬೇಯಿಸಿದ ತಿರುಳು ಬೇಗ ಕೆಡುತ್ತದೆ. ಸಿಹಿಗುಂಬಳ ಹುಳಿ ಅಂಶ ಕಡಿಮೆಯಿರುವ ತರಕಾರಿ. ಇಂತಹ ತಿರುಳನ್ನು ಸಾಧಾರಣ ಕುದಿನೀರಿನಲ್ಲಿ ಕುದಿಸಿ ಬಾಟಲಿಗೆ ತುಂಬಿ ಮುಚ್ಚಿದರೆ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆಗೆ ಕಾರಣವಾಗುವ ಸೂಕ್ಷ್ಮಾಣುಗಳು ಬೆಳೆಯಬಹುದು. ಮಾರ್ಟನ್ನಿನ ಮಾದರಿಯನ್ನು ಅನುಸರಿಸುವ ಉತ್ಸಾಹದಲ್ಲಿ ಇದನ್ನು ಮರೆಯಬಾರದು. ಡಬ್ಬೀಕರಣಕ್ಕೆ ಒತ್ತಡದಲ್ಲಿ ಅಧಿಕ ಉಷ್ಣತೆ ನೀಡುವ ಯಂತ್ರ ಹಾಗೂ ತಜ್ಞರ ಮೇಲ್ವಿಚಾರಣೆ ಬೇಕು. ಸಣ್ಣ ಘಟಕಗಳಿಗೆ ಸೂಕ್ತವಾದುದು ಆಯಾ ದಿನ ಬೇಯಿಸಿ ಬಳಸುವುದು ಅಥವಾ ಮೈನಸ್ 18 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿಡುವುದು.

ತಿರುಳನ್ನು ಒಣಗಿಸಿ ಪುಡಿ ಮಾಡುವ ವಿಚಾರ ಬಂದಾಗ ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ನುಗಳು ನೆನಪಿಗೆ ಬರುವುದು ಸಹಜ. ತಂಬಾಕಿನ ಶೇಷ ಉಳಿದಿರುವ ಆ ಕಟ್ಟಡಗಳನ್ನು ಆಹಾರಕ್ಕೆ ಬಳಸಲೇಬಾರದು. ಪ್ರತ್ಯೇಕ ಒಣಗಿಸುವ ಯಂತ್ರವೇ ಬೇಕು. ಕಹಿಯಾದ ಕುಂಬಳದಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶವಿದ್ದು ಬೇಯಿಸಿದರೂ ನಾಶವಾಗುವುದಿಲ್ಲ. ಪ್ರತಿ ಕಾಯಿಯ ಒಂದು ಚೂರನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿ ಇದ್ದರೆ ಇಡೀ ಕಾಯಿಯನ್ನು ತಿರಸ್ಕರಿಸಬೇಕು.

ತೇವಾಂಶ ಹೆಚ್ಚಿರುವ ಈ ಬ್ರೆಡ್ಡಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಪೂರ್ತಿ ತಣಿದ ನಂತರವೇ ಪೊಟ್ಟಣ ಕಟ್ಟಿ, ಬಾಳಿಕೆಯ ಅವಧಿಯನ್ನು ಪರೀಕ್ಷಿಸಿ ನಮೂದಿಸುವುದು ಉಚಿತ. ಬೇಕರಿ ತಂತ್ರಜ್ಞಾನದ ಮಾರ್ಗದರ್ಶನಕ್ಕೆ 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಸಮೀಪದಲ್ಲಿಯೇ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಆವರಣದಲ್ಲಿಯೂ ಬೇಕರಿ ತರಬೇತಿ ದೊರೆಯುತ್ತದೆ.

ತೆರಿಗೆ ಮತ್ತು ಕಾನೂನು

ತಾಜಾ ಕುಂಬಳಕಾಯಿ ಮತ್ತು ಬ್ರೆಡ್ಡು ಸರಕು ಮತ್ತು ಸೇವಾ ತೆರಿಗೆಯಿಂದ ಮುಕ್ತ. ಕೇಕು, ಬಿಸ್ಕತ್ತು ಮುಂತಾದ ಬೇಕರಿ ಪದಾರ್ಥಗಳ ಮೇಲಿನ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಯಿತು. ಬ್ರೆಡ್ಡಿಗೆ ತೆರಿಗೆ ಇಲ್ಲವೆಂಬುದು ಪೂರ್ಣ ಲಾಭವೇನಲ್ಲ. ಅದರ ತಯಾರಿಕೆಗೆ ಕೊಂಡ ಯಂತ್ರ ಮತ್ತು ಪೊಟ್ಟಣಗಳ ಮೇಲೆ ತೆತ್ತ ತೆರಿಗೆಯ ಜಮೆ ದೊರೆಯುವುದಿಲ್ಲ. ಕೇಕು, ಬ್ರೆಡ್ಡು ಎರಡನ್ನೂ ಮಾಡುವವರು ಜಮೆಯನ್ನು ಪ್ರಮಾಣಾನುಸಾರ ವಿಭಜಿಸಬೇಕು. ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ತಯಾರಕರು ಗಮನಿಸಬೇಕಾದ ಇನ್ನೊಂದು ಅಂಶವಿದೆ: ತಯಾರಕರಿಗೆ ಶೇ. 1ರ ತೆರಿಗೆಯು ರಾಜ್ಯದೊಳಗಿನ ಒಟ್ಟು ವಹಿವಾಟಿನ ಮೇಲೆ ಅನ್ವಯವಾಗುವುದರಿಂದ, ಮುಕ್ತ ಪದಾರ್ಥವಾದ ಬ್ರೆಡ್ಡಿನ ಮಾರಾಟವೂ ಅದರಲ್ಲಿ ಸೇರುತ್ತದೆ. ಬ್ರೆಡ್ಡಿನ ಪಾಲು ಹೆಚ್ಚಿರುವ ಬೇಕರಿಗಳಿಗೆ ಸಾಧಾರಣ ಪದ್ಧತಿಯೇ ಅಗ್ಗವಾಗಬಹುದು.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006ರನ್ವಯ ಪ್ರತಿ ತಯಾರಕರೂ ವಹಿವಾಟಿನ ಗಾತ್ರಕ್ಕೆ ಅನುಗುಣವಾಗಿ ನೋಂದಣಿ ಅಥವಾ ಪರವಾನಗಿ ಪಡೆದಿರಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಈ ಕಾಯಿದೆಯ 53ನೆಯ ಕಲಮಿನಡಿ 10 ಲಕ್ಷ ರೂಪಾಯಿಯವರೆಗೆ ದಂಡವಿದೆ. ಸಣ್ಣ ಬೇಕರಿಯೊಂದರ ಇಡೀ ಬಂಡವಾಳವನ್ನು ನುಂಗಬಲ್ಲ ಮೊತ್ತವಿದು. 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬಿನಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿ ಶೇ. 2 ಆಗಿರುವುದರಿಂದ ವನಸ್ಪತಿ ಕೊಳ್ಳುವಾಗ ತಯಾರಕರ ಹೇಳಿಕೆಯನ್ನು ಪರಿಶೀಲಿಸುವುದು ಅಗತ್ಯ.

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಪೊಟ್ಟಣದ ಮೇಲೆ ಕುಂಬಳದ ಚಿತ್ರ ಮುದ್ರಿಸುವ ಉದ್ದಿಮೆದಾರರು, ಅಧಿಕಾರಿಯಾಗಲಿ ಗಿರಾಕಿಯಾಗಲಿ ಪ್ರಶ್ನಿಸಿದಾಗ ಹೆಗಲು ಮುಟ್ಟಿಕೊಳ್ಳುವ ಸ್ಥಿತಿಯನ್ನು ತಂದುಕೊಳ್ಳಬಾರದು. ಕಿಲೋ ಹಿಟ್ಟಿಗೆ ಎಷ್ಟು ತಿರುಳು ಎಂಬುದನ್ನು ಪಾಕದ ಪುಸ್ತಕದಲ್ಲಿ ಬರೆದಿಟ್ಟು, ಕಾಯಿ ಖರೀದಿಯ ಚೀಟಿಗಳನ್ನು ಜೋಪಾನವಾಗಿರಿಸಿದರೆ ಎರಡು ಲೆಕ್ಕಗಳೂ ಒಂದಕ್ಕೊಂದು ತಾಳೆಯಾಗುತ್ತವೆ. ಹಾಗೆ ತಾಳೆಯಾಗುವ ಬೇಕರಿಗೆ ಗಿರಾಕಿಯ ನಂಬಿಕೆ ಉಳಿಯುತ್ತದೆ; ಅರ್ಧ ಎಕರೆ ಕುಂಬಳ ಬೆಳೆಯುವ ರೈತನಿಗೂ ವರ್ಷದಿಂದ ವರ್ಷಕ್ಕೆ ಕೊಳ್ಳುವವರೊಬ್ಬರು ಇದ್ದಂತಾಗುತ್ತದೆ.